ಕೊನೆಯ ಹಡಗಿನಿಂದ ಲೆಕ್ಕ ಶುರು: ತುವಾಲುಗೆ ಸರಕು ಕಳಿಸೋದು ಹೇಗೆ?

ಬೆಂಗಳೂರಿನಿಂದ ದುಬೈಗೋ ಸಿಂಗಪುರಕ್ಕೋ ಒಂದು ಕಂಟೇನರ್ ಕಳಿಸೋದು ನನ್ನಂಥ ಫ್ರೈಟ್ ಫಾರ್ವರ್ಡರ್‌ಗೆ ದಿನನಿತ್ಯದ ಕೆಲಸ. ಆದರೆ ಒಂದು ದಿನ ಪೀಣ್ಯದ ಗ್ರಾಹಕರೊಬ್ಬರು ಫೋನ್ ಮಾಡಿ, 'ಸಾರ್, ಈ ಮಾಲು ತುವಾಲುಗೆ ಹೋಗ್ಬೇಕು' ಅಂದ್ರು. ಸೋಲಾರ್ ಬ್ಯಾಟರಿ, ಪ್ಯಾನೆಲ್, ಜೊತೆಗೆ ಲಸಿಕೆ ಇಡುವ ಫ್ರಿಜ್‌ಗಳು. ಒಂದು ಕ್ಲಿನಿಕ್‌ಗಂತೆ. ನಾನು 'ಆಗುತ್ತೆ' ಅಂದೆ. ಆಮೇಲೆ ನಕ್ಷೆ ತೆಗೆದು ನೋಡಿದೆ!

ತುವಾಲು ಇರೋದು ಪೆಸಿಫಿಕ್ ಸಾಗರದಲ್ಲಿ, ಆಸ್ಟ್ರೇಲಿಯಾ ಮತ್ತು ಹವಾಯಿ ನಡುವೆ. ಒಂಬತ್ತು ಪುಟ್ಟ ದ್ವೀಪಗಳು, ಎಲ್ಲ ಸೇರಿದರೂ 26 ಚದರ ಕಿಲೋಮೀಟರ್. ಜನಸಂಖ್ಯೆ 10 ಸಾವಿರದ ಆಸುಪಾಸು. ರಾಜಧಾನಿ ಫುನಾಫುಟಿ. ಇಲ್ಲಿಂದ ಅಲ್ಲಿಗೆ ನೇರ ಹಡಗು ಇಲ್ಲ. ನಾನು ಆರಿಸಿದ ದಾರಿ ಹೀಗಿತ್ತು: ವೈಟ್‌ಫೀಲ್ಡ್‌ನ ಕಂಟೇನರ್ ಡಿಪೊದಲ್ಲಿ ಕಸ್ಟಮ್ಸ್ ಮುಗಿಸಿ ಚೆನ್ನೈ ಬಂದರು, ಅಲ್ಲಿಂದ ಸಿಂಗಪುರ, ಅಲ್ಲಿಂದ ಫಿಜಿಯ ಸುವಾ, ಕೊನೆಗೆ ಸುವಾದಿಂದ ಸಣ್ಣ ಹಡಗಿನಲ್ಲಿ ಫುನಾಫುಟಿ. ಆ ಕೊನೆಯ ಹಂತವೇ ಸಾವಿರ ಕಿಲೋಮೀಟರ್‌ಗಿಂತ ಹೆಚ್ಚು.

ಇಲ್ಲಿ ಮೊದಲ ಪಾಠ. ಸಾಮಾನ್ಯವಾಗಿ ನಾವು ಕಾರ್ಖಾನೆಯಿಂದ ಮುಂದಕ್ಕೆ ಲೆಕ್ಕ ಹಾಕ್ತೀವಿ. ಇಂಥ ದೇಶಕ್ಕೆ ಕಳಿಸುವಾಗ ಹಿಂದಿನಿಂದ ಲೆಕ್ಕ ಹಾಕಬೇಕು. ಸುವಾದಿಂದ ಹಡಗು ಯಾವತ್ತು ಹೊರಡುತ್ತೆ ಅಂತ ಮೊದಲು ಕೇಳಿ. ಅದಕ್ಕೆ ಒಂದು ವಾರ ಮುಂಚೆಯೇ ಮಾಲು ಸುವಾದಲ್ಲಿರಬೇಕು. ಹಾಗಾದ್ರೆ ಸಿಂಗಪುರ ಯಾವಾಗ ಬಿಡಬೇಕು, ಚೆನ್ನೈ ಯಾವಾಗ ಬಿಡಬೇಕು? ಒಂದು ಹಡಗು ತಪ್ಪಿದರೆ ಮರುದಿನ ಇನ್ನೊಂದು ಬರಲ್ಲ, ವಾರಗಟ್ಟಲೆ ಕಾಯಬೇಕು.

'ವಿಮಾನದಲ್ಲಿ ಕಳಿಸಬಹುದಲ್ವಾ?' ಅಂತ ನೀವು ಕೇಳಬಹುದು. ಫಿಜಿಯಿಂದ ಫುನಾಫುಟಿಗೆ ವಿಮಾನ ಇದೆ, ಆದರೆ ಅದು ಪ್ರಯಾಣಿಕರ ಸಣ್ಣ ವಿಮಾನ. ಬಿಡಿ ಲಿಥಿಯಂ-ಅಯಾನ್ ಬ್ಯಾಟರಿಗಳನ್ನು ಪ್ರಯಾಣಿಕರ ವಿಮಾನದಲ್ಲಿ ಸರಕಾಗಿ ಹಾಕುವಂತಿಲ್ಲ. 2016ರ ಏಪ್ರಿಲ್‌ನಿಂದಲೇ ನಿಷೇಧವಿದೆ. ಹಡಗಿನಲ್ಲಿ ಹೋಗಬಹುದು, ಆದರೆ 9ನೇ ವರ್ಗದ ಅಪಾಯಕಾರಿ ಸರಕು ಅಂತ ಘೋಷಿಸಬೇಕು, ಪರೀಕ್ಷಾ ವರದಿ ಸಿದ್ಧವಿರಬೇಕು. ಇನ್ನೊಂದು ವಿಷಯ: ಮೊದಲ ಹಡಗಿನವರು ಒಪ್ಪಿದರೆ ಸಾಲದು, ಕೊನೆಯ ಸಣ್ಣ ಹಡಗಿನವರೂ ಒಪ್ಪಬೇಕು. ಅವರ ಒಪ್ಪಿಗೆ ಬರಹದಲ್ಲಿ ಸಿಗುವ ತನಕ ಮಾಲು ಗೋಡೌನ್ ಬಿಡಬಾರದು.

ಇನ್ನು ಬಾಡಿಗೆ. 20 ಅಡಿ ಕಂಟೇನರ್‌ಗೆ ಇಷ್ಟೊಂದಾ ಅಂತ ಗ್ರಾಹಕರು ಬೆಚ್ಚಿಬೀಳ್ತಾರೆ. ದೂರ ಒಂದೇ ಕಾರಣ ಅಲ್ಲ. ತುವಾಲುಗೆ ಹೋಗುವ ಪೆಟ್ಟಿಗೆ ಹೆಚ್ಚಾಗಿ ಖಾಲಿ ವಾಪಸ್ ಬರುತ್ತೆ, ತುಂಬಿ ಕಳಿಸೋಕೆ ಅಲ್ಲಿಂದ ರಫ್ತು ಬಹಳ ಕಡಿಮೆ. ಬರುವ ದಾರಿಯ ಖರ್ಚನ್ನೂ ಹೋಗುವ ಸರಕೇ ಹೊರಬೇಕು. ವಾಪಸ್ ತಡವಾದರೆ ದಿನಕ್ಕಿಷ್ಟು ಅಂತ ದಂಡ ಬೇರೆ. ಅದಕ್ಕೇ ಕೆಲವರು ಹಳೇ ಕಂಟೇನರ್ ಕೊಂಡು ಕಳಿಸಿಬಿಡ್ತಾರೆ. ಅಲ್ಲಿ ಅದು ಉಗ್ರಾಣವಾಗುತ್ತೆ.

ಈಗ ನನ್ನ ತಪ್ಪು ಹೇಳ್ತೀನಿ. ಪ್ಯಾಕಿಂಗ್ ಲಿಸ್ಟ್‌ನಲ್ಲಿ 48 ಬಾಕ್ಸ್ ಬ್ಯಾಟರಿ, ಅಪಾಯಕಾರಿ ಸರಕಿನ ಘೋಷಣೆಯಲ್ಲಿ 46. ಕೊನೇ ಗಳಿಗೆಯಲ್ಲಿ ಎರಡು ಬಾಕ್ಸ್ ಸೇರಿಸಿದ್ವಿ, ಒಂದು ಕಾಗದ ತಿದ್ದಿದೆ, ಇನ್ನೊಂದು ಮರೆತೆ. ಚೆನ್ನೈನಲ್ಲಿ, ಸಿಂಗಪುರದಲ್ಲಿ ಯಾರ ಕಣ್ಣಿಗೂ ಬೀಳಲಿಲ್ಲ. ಸುವಾದಲ್ಲಿ ಬಿತ್ತು. ಶುಕ್ರವಾರ ಬೆಳಿಗ್ಗೆ 10ಕ್ಕೆ ನಾನು ಇಮೇಲ್ ತೆರೆದಾಗ ಅಲ್ಲಿ ಸಂಜೆ 4.30. ಅವರು ನಮಗಿಂತ ಆರೂವರೆ ಗಂಟೆ ಮುಂದೆ. ತಿದ್ದಿದ ಕಾಗದ ಕಳಿಸುವಷ್ಟರಲ್ಲಿ ಆಫೀಸ್ ಮುಚ್ಚಿತ್ತು, ಶನಿವಾರ ಹಡಗು ಹೊರಟುಹೋಯಿತು. ನಮ್ಮ ಕಂಟೇನರ್ ಸುವಾದ ಯಾರ್ಡ್‌ನಲ್ಲೇ ಮೂರು ವಾರ ಉಳಿಯಿತು.

ತುವಾಲುಗೆ ಫೋನ್ ಮಾಡಿ ಕ್ಷಮೆ ಕೇಳಿದೆ. ಅವರು ಬೈಯಲಿಲ್ಲ. 'ಮುಂದಿನ ಹಡಗಿಗೆ ಬರಲಿ ಬಿಡಿ' ಅಂದ್ರು. ಬೈದಿದ್ದರೇ ವಾಸಿ ಇತ್ತು ಅನ್ನಿಸಿತು. ಲಸಿಕೆಯನ್ನು 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕು. ಹಳೇ ಫ್ರಿಜ್ ನಂಬಿಕೊಂಡು ಅವರು ಇನ್ನೂ ಮೂರು ವಾರ ಕಳೆಯಬೇಕಾಯಿತು, ನನ್ನ ಎರಡು ಬಾಕ್ಸ್ ಲೆಕ್ಕದಿಂದ.

ಆಮೇಲೆ ನಾನು ಕೆಲವು ನಿಯಮ ಮಾಡಿಕೊಂಡೆ. ಎಲ್ಲ ಕಾಗದಗಳನ್ನೂ ಒಟ್ಟಿಗೆ ಹರಡಿ ಇಬ್ಬರು ಬೇರೆಬೇರೆ ಎಣಿಸಬೇಕು. ಮರದ ಪ್ಯಾಲೆಟ್ ಮೇಲೆ ಶಾಖ ಸಂಸ್ಕರಣೆಯ ಐಎಸ್‌ಪಿಎಂ 15 ಮುದ್ರೆ ಇರಲೇಬೇಕು. ನಟ್ಟು, ಬೋಲ್ಟು, ಫ್ಯೂಸ್, ವೈರ್ ಎಲ್ಲ ಹೆಚ್ಚುವರಿಯಾಗಿ ಪೆಟ್ಟಿಗೆಯೊಳಗೇ ಹೋಗಬೇಕು. ಅಲ್ಲಿ ಪಕ್ಕದ ಬೀದಿಯ ಹಾರ್ಡ್‌ವೇರ್ ಅಂಗಡಿ ನಂಬುವಂತಿಲ್ಲ. ಫುನಾಫುಟಿ ದಾಟಿ ಹೊರದ್ವೀಪಕ್ಕೆ ಹೋಗುವ ಮಾಲಾದರೆ ಪ್ಯಾಕಿಂಗ್ ಇನ್ನೂ ಮುಖ್ಯ. ಅಲ್ಲಿ ಹಡಗು ಹವಳದಿಬ್ಬದ ಆಚೆಯೇ ನಿಲ್ಲುತ್ತೆ, ಸಾಮಾನು ಸಣ್ಣ ದೋಣಿಗೆ ಇಳಿಸಬೇಕು. ಕ್ರೇನ್ ಸಿಗಲ್ಲ. ಆದಷ್ಟೂ ಇಬ್ಬರು ಎತ್ತುವಷ್ಟೇ ತೂಕ, ಉಪ್ಪುನೀರು ತಾಗದಂಥ ಹೊದಿಕೆ.

ಮೂರು ವಾರದ ನಂತರ ಕಂಟೇನರ್ ತಲುಪಿತು. ಫ್ರಿಜ್ ಓಡುತ್ತಿರುವ ಒಂದು ಫೋಟೊ ಕಳಿಸಿದ್ರು, ಥರ್ಮಾಮೀಟರ್‌ನಲ್ಲಿ 5 ಡಿಗ್ರಿ. ಅದರ ಪ್ರಿಂಟ್ ತೆಗೆದು ನನ್ನ ಮೇಜಿನ ಮುಂದೆ ಅಂಟಿಸಿದ್ದೀನಿ, 46ರ ಆ ತಪ್ಪು ಕಾಗದದ ಪಕ್ಕದಲ್ಲೇ. ಮುಂದಿನ ಸಂಚಿಕೆಯಲ್ಲಿ ಸಿಗೋಣ.