ಹಾಸಿಗೆ ಹಿಡಿದ ಹಿರಿಯರ ಶುಶ್ರೂಷೆ ಮತ್ತು ಕೃತಕ ಬುದ್ಧಿಮತ್ತೆ: ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ಸಂದರ್ಭ

ಶಿವಮೊಗ್ಗ ಜಿಲ್ಲೆಯ ಸಾಗರ, ಹೊಸನಗರ ಮತ್ತು ತೀರ್ಥಹಳ್ಳಿ ತಾಲ್ಲೂಕುಗಳ ಜನವಸತಿಯು ಬಯಲುಸೀಮೆಯ ಊರುಗಳಂತೆ ಒತ್ತಾಗಿ ಕೂಡಿಕೊಂಡದ್ದಲ್ಲ. ಅಡಿಕೆ ತೋಟದ ತಲೆಗೊಂದು, ಗುಡ್ಡದ ಬುಡಕ್ಕೊಂದು ಎಂಬಂತೆ ಮನೆಗಳು ಚದುರಿಕೊಂಡಿವೆ. ಓದು, ಉದ್ಯೋಗಗಳಿಗಾಗಿ ಮಕ್ಕಳು ಬೆಂಗಳೂರು ಸೇರಿದ ಮೇಲೆ ಇಂಥ ಅನೇಕ ಮನೆಗಳಲ್ಲಿ ಉಳಿದವರು ವೃದ್ಧ ದಂಪತಿಗಳು ಮಾತ್ರ. ಅವರಲ್ಲೊಬ್ಬರು ಪಾರ್ಶ್ವವಾಯುವಿನಿಂದಲೋ ಸೊಂಟದ ಮೂಳೆ ಮುರಿತದಿಂದಲೋ ಹಾಸಿಗೆ ಹಿಡಿದರೆ ಮತ್ತೊಬ್ಬರೇ ಶುಶ್ರೂಷಕರು. ಎಪ್ಪತ್ತು ದಾಟಿದವರು ಎಂಬತ್ತು ದಾಟಿದವರನ್ನು ಎತ್ತಿ ಮಲಗಿಸಬೇಕಾದ ಈ ಪರಿಸ್ಥಿತಿಯಲ್ಲಿ ಕೃತಕ ಬುದ್ಧಿಮತ್ತೆಯಿಂದ ಎಂತಹ ನೆರವು ಸಾಧ್ಯ ಎಂಬುದು ಪರಿಶೀಲನೆಗೆ ಅರ್ಹವಾದ ವಿಷಯ.

ಹೆಸರು ದೊಡ್ಡದಾದರೂ ಶುಶ್ರೂಷೆಯ ಮಟ್ಟಿಗೆ ಅದರ ಕೆಲಸ ಸರಳವಾದುದು. ಅಸಂಖ್ಯ ರೋಗಿಗಳ ದಾಖಲೆಗಳನ್ನು ಒದಗಿಸಿದಾಗ, ಯಾವ ಲಕ್ಷಣಗಳು ಕೂಡಿಬಂದಲ್ಲಿ ಯಾವ ತೊಂದರೆ ಉಂಟಾಯಿತು ಎಂಬುದನ್ನು ಯಂತ್ರ ಗುರುತಿಸಿಕೊಳ್ಳುತ್ತದೆ. ಹೊಸ ರೋಗಿಯ ವಿವರ ಸಿಕ್ಕಾಗ ಆ ತೊಂದರೆಯ ಸಂಭಾವ್ಯತೆಯನ್ನು ತಿಳಿಸುತ್ತದೆ. ಅದು ಲೆಕ್ಕಾಚಾರವೇ ಹೊರತು ತೀರ್ಮಾನವಲ್ಲ.

ಹಾಸಿಗೆಹುಣ್ಣನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದಾಗ ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕ ಚರ್ಮಕ್ಕೆ ರಕ್ತಸಂಚಾರ ಕುಗ್ಗಿ ಹುಣ್ಣಾಗುತ್ತದೆ. ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ 1980ರ ದಶಕದಲ್ಲಿ ರೂಪಿಸಿದ ಮಾಪನವು ಸಂವೇದನೆ, ತೇವ, ಚಟುವಟಿಕೆ, ಚಲನೆ, ಪೋಷಣೆ, ಉಜ್ಜುವಿಕೆ ಎಂಬ ಆರು ಅಂಶಗಳಿಗೆ ಅಂಕ ನೀಡುತ್ತದೆ. ಒಟ್ಟು ಅಂಕ 6ರಿಂದ 23ರವರೆಗೆ. ಕಡಿಮೆಯಾದಷ್ಟೂ ಅಪಾಯ ಹೆಚ್ಚು. ಇವುಗಳಲ್ಲಿ ತೇವ ಎಂಬುದಕ್ಕೆ ಮಲೆನಾಡಿನಲ್ಲಿ ಬೇರೆಯೇ ತೂಕವಿದೆ. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯ ವಾರ್ಷಿಕ ಸರಾಸರಿ ಮಳೆ 7,000 ಮಿ.ಮೀ. ಮೀರುತ್ತದೆ. ಆಷಾಢದಲ್ಲಿ ಒಗೆದ ಬಟ್ಟೆಯನ್ನು ಬಚ್ಚಲ ಒಲೆಯ ಮೇಲೆ ಹರವಿದರೂ ಪೂರ್ತಿ ಒಣಗದು; ಹಾಸಿಗೆಯ ಹೊದಿಕೆಯೂ ಹಾಗೆಯೇ. ಬೇರೆ ಹವಾಮಾನದ ಆಸ್ಪತ್ರೆಯ ದಾಖಲೆಗಳಿಂದ ಕಲಿತ ಯಂತ್ರಕ್ಕೆ ಈ ಮಳೆಗಾಲ ಗೊತ್ತಿರುವುದಿಲ್ಲ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕೆಂಬುದು ರೂಢಿಯಲ್ಲಿರುವ ಸೂಚನೆ. ಎಂದರೆ ಹಗಲು-ರಾತ್ರಿ ಸೇರಿ 12 ಸಲ. ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿ ಬಹಳ ಹೊತ್ತಿನವರೆಗೆ ಅಡಿಕೆ ಸುಲಿದು ಮಲಗುವ ಹೆಂಗಸಿಗೆ ಇದು ನಿದ್ರೆಯನ್ನೇ ಬಿಡಬೇಕಾದ ಕೆಲಸ. ಹಾಸಿಗೆಯಡಿ ಇರಿಸಿದ ಸಂವೇದಕವು ರೋಗಿ ತಾನಾಗಿ ಹೊರಳಿದ್ದನ್ನು ಗುರುತಿಸಿದರೆ ಒಂದೆರಡು ಸಲ ಏಳುವುದು ತಪ್ಪಬಹುದು. ಇದು ಸಣ್ಣ ಲಾಭವೆಂದು ಹೇಳುವವರು ಅಂಥ ರಾತ್ರಿಗಳನ್ನು ಕಳೆದವರಲ್ಲ. ಆದರೆ ಹೊರಳಿಸುವ ಕೈಗಳ ಕೆಲಸವನ್ನು ಸಂವೇದಕ ಮಾಡಲಾರದು.

ಹುಣ್ಣಿನ ಛಾಯಾಚಿತ್ರ ನೋಡಿ ಅದರ ಹಂತವನ್ನು ತಿಳಿಸುವ ತಂತ್ರಾಂಶಗಳೂ ಬಂದಿವೆ. ಇಲ್ಲಿ ಎಚ್ಚರ ಅಗತ್ಯ. ಮೊದಲ ಹಂತದ ಲಕ್ಷಣವೆಂದು ಪಠ್ಯಗಳು ಹೇಳುವ ಕೆಂಪು ಕಪ್ಪು ಚರ್ಮದಲ್ಲಿ ಸುಲಭವಾಗಿ ಕಾಣದು. ಆ ಜಾಗದ ಬಿಸಿ, ಗಡಸುತನಗಳನ್ನು ಮುಟ್ಟಿಯೇ ತಿಳಿಯಬೇಕು. ಬಿಳಿ ಚರ್ಮದ ಚಿತ್ರಗಳಿಂದಲೇ ಹೆಚ್ಚಾಗಿ ಕಲಿತ ಯಂತ್ರವು ತೋಟದಲ್ಲಿ ದುಡಿದ ಅಜ್ಜಿಯ ಬೆನ್ನನ್ನು ನೋಡಿ ‘ತೊಂದರೆಯಿಲ್ಲ’ ಎನ್ನುವ ಸಂಭವವುಂಟು. ಆರೋಗ್ಯಕ್ಷೇತ್ರದ ಕೃತಕ ಬುದ್ಧಿಮತ್ತೆಯಲ್ಲಿ ವೃದ್ಧರ ದತ್ತಾಂಶವೇ ಕಡಿಮೆಯಿದೆ ಎಂದು ವಿಶ್ವ ಆರೋಗ್ಯ ಸಂಸ್ಥೆಯೂ 2022ರಲ್ಲಿ ಎಚ್ಚರಿಸಿದೆ.

ಭಾಷೆಯ ತೊಡಕು ಇನ್ನೂ ಸೂಕ್ಷ್ಮವಾದುದು. ಕೇಂದ್ರ ಸರ್ಕಾರವು 2022ರಲ್ಲಿ ಆರಂಭಿಸಿದ ‘ಭಾಷಿಣಿ’ಯಂತಹ ಯೋಜನೆಗಳಿಂದ ಕನ್ನಡದ ಮಾತನ್ನು ಬರಹಕ್ಕಿಳಿಸುವ ಕಾರ್ಯ ಮುಂದುವರಿದಿದೆ. ಆದರೆ ಪಾರ್ಶ್ವವಾಯುವಿನಿಂದ ತೊದಲುವ ನಾಲಿಗೆ ಆಡುವ ಹವ್ಯಕ ಕನ್ನಡವೋ ದೀವರ ಮಾತೋ ಶಿಷ್ಟ ಕನ್ನಡದಿಂದ ಬಹುದೂರ. ಉರಿ, ಚಳುಕು, ಸೆಳೆತ, ಜೋಮು ಇವೆಲ್ಲವನ್ನೂ ಯಂತ್ರವು ‘ನೋವು’ ಎಂದೇ ಬರೆದುಕೊಂಡರೆ ಶುಶ್ರೂಷಕಿಗೆ ಬೇಕಾದ ಮಾಹಿತಿಯೇ ಕಳೆದುಹೋಗುತ್ತದೆ.

ಆದ್ದರಿಂದ ಈ ತಾಲ್ಲೂಕುಗಳಿಗೆ ಒಪ್ಪುವುದು ಮನೆಯವರು ಕಂಡದ್ದನ್ನು ಶುಶ್ರೂಷಕಿಗೆ ಮುಟ್ಟಿಸುವ ಸಾಧನ. 2018ರಿಂದ ಉಪಕೇಂದ್ರಗಳ ಮಟ್ಟದಲ್ಲಿ ಸಮುದಾಯ ಆರೋಗ್ಯ ಅಧಿಕಾರಿಗಳ ನೇಮಕ ಆರಂಭವಾಗಿದ್ದು, ಅವರಲ್ಲಿ ಬಹುಪಾಲು ಶುಶ್ರೂಷಾ ಶಿಕ್ಷಣ ಪಡೆದವರು. ಆಶಾ ಕಾರ್ಯಕರ್ತೆ ದಾಖಲಿಸಿದ ಊಟ, ತೇವ, ಚರ್ಮದ ಸ್ಥಿತಿಗಳನ್ನು ನೆಟ್‌ವರ್ಕ್ ಇಲ್ಲದಾಗಲೂ ಫೋನಿನಲ್ಲೇ ಉಳಿಸಿಕೊಂಡು, ಸಂಪರ್ಕ ದೊರೆತಾಗ ರವಾನಿಸಿ, ಈ ವಾರ ಮೊದಲು ಯಾವ ಮನೆಗೆ ಹೋಗಬೇಕೆಂದು ಸೂಚಿಸುವ ವ್ಯವಸ್ಥೆ ಸಾಕು. ಗಾಳಿ-ಮಳೆಗೆ ಮರ ಬಿದ್ದು ವಿದ್ಯುತ್ ಹೋದ ದಿನಗಳಲ್ಲಿ ಸದಾ ಸಂಪರ್ಕ ಬೇಡುವ ಯಂತ್ರ ನಿರುಪಯುಕ್ತ.

ಕ್ಯಾಮೆರಾದ ಮಾತು ಬೇರೆ. ಬಿದ್ದರೆ ತಿಳಿಯಲೆಂದು ದೂರದ ಮಗ ಅಳವಡಿಸಿದ ಕಣ್ಣು ತಾಯಿಯ ಬಟ್ಟೆ ಬದಲಿಸುವುದನ್ನೂ ನೋಡುತ್ತದೆ. ಮರೆವಿನ ಕಾಯಿಲೆಯವರ ಸಮ್ಮತಿಯನ್ನು ಯಾರು ಕೊಡಬೇಕೆಂಬ ಪ್ರಶ್ನೆ ಪ್ರತಿ ಮನೆಯಲ್ಲೂ ಏಳುತ್ತದೆ. ನೆಲದ ಒತ್ತಡವನ್ನಷ್ಟೇ ಅಳೆಯುವ ಸಾಧನವಿರುವಾಗ ಕ್ಯಾಮೆರಾ ಬೇಕೇ ಎಂಬುದನ್ನು ಅದಕ್ಕೂ ಮೊದಲೇ ಕೇಳಬೇಕು.

ಎಚ್ಚರಿಕೆ ಬಂದ ಮೇಲೆ ಮನೆ ತಲುಪುವ ದಾರಿಯೂ ಬೇಕು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ಹಿನ್ನೀರಿನಾಚೆಯ ತುಮರಿ ಭಾಗದವರು ಸಾಗರಕ್ಕೆ ಬರಲು ದಶಕಗಳ ಕಾಲ ಲಾಂಚನ್ನು ನೆಚ್ಚಿದ್ದರು. 2025ರ ಜುಲೈಯಲ್ಲಿ ಅಂಬಾರಗೋಡ್ಲು-ಕಳಸವಳ್ಳಿ ಸೇತುವೆ ತೆರೆದ ಮೇಲೆ ಹಿನ್ನೀರನ್ನು ರಾತ್ರಿಯಲ್ಲೂ ದಾಟಬಹುದಾಗಿದೆ. ಸೇತುವೆ ಇಳಿದ ಮೇಲೆ ಒಂಟಿಮನೆಯವರೆಗಿನ ಕೆಸರುಹಾದಿಯಲ್ಲಿ ಶುಶ್ರೂಷಕಿ ಈಗಲೂ ನಡೆದೇ ಹೋಗಬೇಕಾಗುತ್ತದೆ.