ಒಂದೇ ಬಳಗ, ಎರಡು ತಟ್ಟೆ

ಕೆನಡಾದ ಕ್ವಿಬೆಕ್‌ನಲ್ಲಿ ಕ್ಲೋಡ್ ಬೂಷಾರ್ ಎಂಬ ವಿಜ್ಞಾನಿಯ ತಂಡ ಹನ್ನೆರಡು ಜೋಡಿ ತದ್ರೂಪಿ ಅವಳಿ ತರುಣರನ್ನು ಮೂರು ತಿಂಗಳಿಗೂ ಹೆಚ್ಚು ಕಾಲ ಒಂದೇ ಕಡೆ ಇರಿಸಿಕೊಂಡಿತ್ತು. ಅವರಲ್ಲಿ ಯಾರೂ ದಪ್ಪಗಿರಲಿಲ್ಲ. ವಾರಕ್ಕೆ ಆರು ದಿನ, ಅವರವರ ದೇಹಕ್ಕೆ ಬೇಕಾದದ್ದಕ್ಕಿಂತ 1,000 ಕ್ಯಾಲೊರಿ ಹೆಚ್ಚು ಬಡಿಸಲಾಯಿತು. ಓಡಾಟ ಕಡಿಮೆ, ಕಾವಲು ಬಿಗಿ. ಕೊನೆಗೆ ತೂಕ ನೋಡಿದರೆ ಒಬ್ಬ 4.3 ಕಿಲೊ ಏರಿದ್ದ, ಇನ್ನೊಬ್ಬ 13.3 ಕಿಲೊ! ಎಲ್ಲರಿಗೂ ಹೆಚ್ಚುವರಿಯಾಗಿ ಬಡಿಸಿದ್ದು ಮಾತ್ರ ಅಷ್ಟೇ.

1990ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ಗಮನಿಸಬೇಕಾದದ್ದು ಅವಳಿಗಳ ಹೋಲಿಕೆ. ಅಣ್ಣನಿಗೆ ಮೈ ಬಂದಿದ್ದರೆ ತಮ್ಮನಿಗೂ ಹೆಚ್ಚುಕಡಿಮೆ ಅಷ್ಟೇ ಬಂದಿತ್ತು. ಕೊಬ್ಬು ಹೊಟ್ಟೆಯೊಳಗೆ ಎಷ್ಟು ಸೇರಿತು ಎಂಬುದರಲ್ಲೂ ಇಬ್ಬರೂ ಒಂದೇ ದಾರಿ ಹಿಡಿದಿದ್ದರು. ವಂಶವಾಹಿಗಳ ಕೈವಾಡ ಇದರಲ್ಲಿ ಸ್ಪಷ್ಟ. ಆದರೆ ಅದೇ ವಂಶವಾಹಿಗಳು ಪ್ರಯೋಗಕ್ಕೆ ಮೊದಲೂ ಆ ತರುಣರ ಮೈಯಲ್ಲೇ ಇದ್ದವಲ್ಲ? ಆಗ ಅವರೆಲ್ಲ ತೆಳ್ಳಗೇ ಇದ್ದರು. ಒಳಗಿದ್ದ ವ್ಯತ್ಯಾಸ ಹೊರಗೆ ಕಂಡದ್ದು ಊಟ ಬದಲಾದ ಮೇಲೆ.

"ನೀರು ಕುಡಿದರೂ ಮೈ ಬರುತ್ತೆ" ಎಂದು ನೊಂದುಕೊಳ್ಳುವವರನ್ನು ಸುಳ್ಳುಗಾರರೆಂದು ನಗುವುದು ಅನ್ಯಾಯ. 2007ರಲ್ಲಿ ಬ್ರಿಟನ್ನಿನ ಸಂಶೋಧಕರು ಹದಿನಾರನೆಯ ವರ್ಣತಂತುವಿನ ಮೇಲಿರುವ ಎಫ್‌ಟಿಒ ಎಂಬ ವಂಶವಾಹಿಯಲ್ಲಿ ತೂಕಕ್ಕೆ ಸಂಬಂಧಿಸಿದ ಒಂದು ಭೇದ ಕಂಡುಕೊಂಡರು. ತಂದೆ, ತಾಯಿ ಇಬ್ಬರಿಂದಲೂ ಅದನ್ನು ಪಡೆದವರು, ಪಡೆಯದವರಿಗಿಂತ ಸರಾಸರಿ 3 ಕಿಲೊ ಹೆಚ್ಚು ತೂಗುತ್ತಿದ್ದರು. ಯುರೋಪಿಯನ್ ಮೂಲದವರಲ್ಲಿ ನೂರಕ್ಕೆ ಹದಿನಾರು ಮಂದಿ ಇಂಥವರು. ಆಮೇಲೆ ಇಂಥ ನೂರಾರು ಭೇದಗಳು ಸಿಕ್ಕಿವೆ. ಅವುಗಳಲ್ಲಿ ಹಲವು ಕೆಲಸ ಮಾಡುವುದು ಮಿದುಳಿನಲ್ಲಿ, ಹಸಿವು ಮತ್ತು ತೃಪ್ತಿಯನ್ನು ಅಳೆಯುವ ಜಾಗದಲ್ಲಿ. ಒಬ್ಬರಿಗೆ ಎರಡನೆಯ ಸಲ ಬಡಿಸುವ ಹೊತ್ತಿಗೆ ಸಾಕೆನಿಸುತ್ತದೆ, ಇನ್ನೊಬ್ಬರಿಗೆ ಅನಿಸುವುದಿಲ್ಲ. ಅದನ್ನು ಬರೀ ನಾಲಿಗೆ ಚಪಲ ಎಂದು ತಳ್ಳಿಹಾಕಲಾಗದು.

ಹಾಗಾದರೆ ಊಟದ ಗುಣಮಟ್ಟ ಎಲ್ಲಿ ಬರುತ್ತದೆ? ಅಮೆರಿಕದ ನರ್ಸ್‌ಗಳು ಮತ್ತು ಇತರ ಆರೋಗ್ಯ ವೃತ್ತಿಯವರನ್ನು ದಶಕಗಳ ಕಾಲ ಹಿಂಬಾಲಿಸಿದ ಅಧ್ಯಯನಗಳಲ್ಲಿ ಇದಕ್ಕೆ ಉತ್ತರವಿದೆ. ದಿನವೂ ಸಕ್ಕರೆ ಬೆರೆಸಿದ ತಂಪು ಪಾನೀಯ ಕುಡಿಯುವವರಲ್ಲಿ, ಅಪರೂಪಕ್ಕೆ ಕುಡಿಯುವವರಿಗಿಂತ, ಬೊಜ್ಜಿನ ವಂಶವಾಹಿಗಳ ಪ್ರಭಾವ ಬಹಳ ಜೋರಾಗಿತ್ತು ಎಂದು 2012ರ ವರದಿ ತೋರಿಸಿತು. 2018ರ ಇನ್ನೊಂದು ವರದಿ ಇನ್ನೂ ಭರವಸೆಯದ್ದು. ಇಪ್ಪತ್ತು ವರ್ಷಗಳಲ್ಲಿ ಇಡೀ ಧಾನ್ಯ, ಕಾಳು, ತರಕಾರಿ, ಹಣ್ಣುಗಳ ಕಡೆಗೆ ಊಟವನ್ನು ತಿರುಗಿಸಿಕೊಂಡವರಲ್ಲಿ ವಂಶವಾಹಿಯ ಒತ್ತಡ ತಗ್ಗಿತ್ತು. ದಪ್ಪಗಾಗುವ ಒಲವು ಹುಟ್ಟಿನಿಂದಲೇ ಹೆಚ್ಚಾಗಿ ಇದ್ದವರಿಗೇ ಇದರ ಲಾಭ ಹೆಚ್ಚು. "ಹೇಗೂ ನಮ್ಮ ವಂಶವೇ ಹೀಗೆ" ಎಂದು ಕೈಚೆಲ್ಲಿ ಕೂತವರಿಗೆ ಈ ಮಾತನ್ನು ಯಾರಾದರೂ ಕೂರಿಸಿಕೊಂಡು ಹೇಳಬೇಕು.

ದಕ್ಷಿಣ ಭಾರತದ ತಟ್ಟೆಗೂ ಇದು ಅನ್ವಯಿಸುತ್ತದೆ. ಚೆನ್ನೈನಲ್ಲಿ ನಡೆದ ಅಧ್ಯಯನವೊಂದರಲ್ಲಿ, ಎಫ್‌ಟಿಒ ಭೇದ ಬೊಜ್ಜಿಗೆ ದಾರಿಯಾದದ್ದು ಮುಖ್ಯವಾಗಿ ಕಾರ್ಬೋಹೈಡ್ರೇಟ್ ತೀರ ಹೆಚ್ಚು ತಿನ್ನುವವರಲ್ಲಿ, ಮೈಗೆ ಕೆಲಸ ಕೊಡದವರಲ್ಲಿ. ಅನ್ನದ ಗುಡ್ಡೆ ತಗ್ಗಿ ಹುಳಿ, ಪಲ್ಯ, ಕೋಸಂಬರಿಗೆ ತಟ್ಟೆಯಲ್ಲಿ ಜಾಗ ಸಿಗಬೇಕಾದದ್ದು ಇದಕ್ಕೇ.

ವಂಶವಾಹಿ ಮತ್ತು ಊಟದ ಈ ನಂಟು ಎಲ್ಲಕ್ಕಿಂತ ನಿಚ್ಚಳವಾಗಿ ಕಾಣುವುದು ಪೀಮಾ ಎಂಬ ಮೂಲನಿವಾಸಿ ಜನರಲ್ಲಿ. ಅಮೆರಿಕದ ಅರಿಜೋನಾದಲ್ಲಿ, ಹೀಲಾ ನದಿಯ ದಡದಲ್ಲಿ ಅವರು ಶತಮಾನಗಳಿಂದ ಕಾಲುವೆ ತೋಡಿ ಮೆಕ್ಕೆಜೋಳ, ಕುಂಬಳ, ಬರವನ್ನೂ ತಾಳಿಕೊಳ್ಳುವ ಟೆಪರಿ ಕಾಳು ಬೆಳೆಯುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಮೇಲ್ದಂಡೆಯ ಬಿಳಿಯ ವಲಸಿಗರು ನೀರು ತಿರುಗಿಸಿಕೊಂಡರು. ಹೊಲ ಒಣಗಿತು, ಹಸಿವು ಬಂತು. ಮುಂದೆ ಸರ್ಕಾರದ ಪಡಿತರವಾಗಿ ಬಂದದ್ದು ಬಿಳಿ ಹಿಟ್ಟು, ಸಕ್ಕರೆ, ಹಂದಿ ಕೊಬ್ಬು. ಅದೇ ಹಿಟ್ಟನ್ನು ಕೊಬ್ಬಿನಲ್ಲಿ ಕರಿದ ರೊಟ್ಟಿ ದಿನದ ಊಟವಾಯಿತು.

ಗಡಿಯಾಚೆ ಮೆಕ್ಸಿಕೋದ ಬೆಟ್ಟಗಳಲ್ಲಿ, ಮೈಕೋಬಾ ಎಂಬ ಹಳ್ಳಿಯ ಸುತ್ತ, ಇದೇ ಬಳಗದ ಇನ್ನೊಂದು ಗುಂಪು ಉಳಿದಿತ್ತು. ಅವರ ಊಟ ಕಾಳು, ಮೆಕ್ಕೆಜೋಳದ ರೊಟ್ಟಿ, ಆಲೂಗಡ್ಡೆ, ದುಡಿಮೆ ಹೊಲದಲ್ಲಿ. 2006ರಲ್ಲಿ ಪ್ರಕಟವಾದ ಹೋಲಿಕೆ ಬೆರಗುಗೊಳಿಸುವಂತಿದೆ. ಅರಿಜೋನಾದ ಪೀಮಾಗಳಲ್ಲಿ ನೂರಕ್ಕೆ 38 ವಯಸ್ಕರಿಗೆ ಸಕ್ಕರೆ ಕಾಯಿಲೆ, ಮೆಕ್ಸಿಕೋದವರಲ್ಲಿ ಸುಮಾರು 7 ಮಂದಿಗೆ. ಬೊಜ್ಜು ಅರಿಜೋನಾದ ಗಂಡಸರಲ್ಲಿ ನೂರಕ್ಕೆ ಅರವತ್ತು ದಾಟಿದ್ದರೆ ಮೆಕ್ಸಿಕೋದ ಗಂಡಸರಲ್ಲಿ ಹತ್ತನ್ನೂ ಮುಟ್ಟಿರಲಿಲ್ಲ. ದುಡಿಮೆಯ ಪಾಲೂ ಇದರಲ್ಲಿ ದೊಡ್ಡದು. ಊಟವೊಂದರ ತಲೆಗೇ ಎಲ್ಲವನ್ನೂ ಕಟ್ಟುವಂತಿಲ್ಲ. ಆದರೆ ರಕ್ತಸಂಬಂಧ ಇಷ್ಟು ಹತ್ತಿರವಿದ್ದೂ ಇಷ್ಟು ಅಂತರ ಬಂದದ್ದು ಬದುಕಿನ ರೀತಿಯಿಂದಲೇ.

ಬರಗಾಲದಲ್ಲಿ ಕೊಬ್ಬು ಉಳಿಸಿಕೊಳ್ಳಲು ನೆರವಾದ 'ಮಿತವ್ಯಯದ ವಂಶವಾಹಿ'ಯೇ ಸುಭಿಕ್ಷದಲ್ಲಿ ಕಾಯಿಲೆ ತರುತ್ತದೆ ಎಂದು ತಳಿವಿಜ್ಞಾನಿ ಜೇಮ್ಸ್ ನೀಲ್ 1962ರಲ್ಲಿ ಊಹಿಸಿದ್ದರು. ಆ ಊಹೆಗೆ ಪೀಮಾಗಳೇ ಮುಂದೆ ದೊಡ್ಡ ಉದಾಹರಣೆಯಾದರು. ಆದರೆ ಅಂಥ ಒಂದೇ ವಂಶವಾಹಿ ಅವರಲ್ಲಿ ಸಿಗಲಿಲ್ಲ. 1965ರಿಂದ ದಶಕಗಳ ಕಾಲ ಅವರ ರಕ್ತವನ್ನು ಪರೀಕ್ಷಿಸಿದ ಅಮೆರಿಕ, ಅವರಿಂದ ಕಿತ್ತುಕೊಂಡ ನೀರಿನ ಹಕ್ಕನ್ನು ಕಾನೂನಿನ ಮೂಲಕ ಇತ್ಯರ್ಥ ಮಾಡಿದ್ದು 2004ರಲ್ಲಿ. ಪೀಮಾಗಳ ಮೀಸಲು ಪ್ರದೇಶದ ಕೆಲವು ರೈತರು ಈಗ ಟೆಪರಿ ಬೆಳೆದು, ಮನೆಗೂ ಬಳಸಿ, ಹೊರಗೂ ಮಾರುತ್ತಿದ್ದಾರೆ.