ಅಚ್ಚು ಒಂದು, ಲೆಕ್ಕ ಸಾವಿರ

ನಂಜನಗೂಡು ತಾಲ್ಲೂಕಿನ ಕಳಲೆಯು ಮೈಸೂರಿನ ಚರಿತ್ರೆಯಲ್ಲಿ ದಳವಾಯಿಗಳ ಊರೆಂದು ಪ್ರಸಿದ್ಧವಾಗಿದೆ. ಆ ಮನೆತನದ ನಂಜರಾಜನು 18ನೆಯ ಶತಮಾನದಲ್ಲಿ ರಾಜ್ಯದ ಅಧಿಕಾರವನ್ನು ಕೈಯಲ್ಲಿ ಹಿಡಿದಿದ್ದವನು. ಸ್ವತಃ ಗ್ರಂಥಕರ್ತನೂ ಹೌದು. ಅವನ ಆಶ್ರಿತನಾದ ನರಸಿಂಹಕವಿಯು ‘ನಂಜರಾಜಯಶೋಭೂಷಣ’ವೆಂಬ ಸಂಸ್ಕೃತ ಅಲಂಕಾರಗ್ರಂಥವನ್ನು ರಚಿಸಿದನು. ಉಪಮೆಗೆ ಉದಾಹರಣೆ ಬೇಕೆ? ನಂಜರಾಜನ ಸ್ತುತಿಯಿದೆ. ರೂಪಕಕ್ಕೆ ಬೇಕೆ? ಅಲ್ಲಿಯೂ ನಂಜರಾಜನೇ. ಓರಂಗಲ್ಲಿನ ಪ್ರತಾಪರುದ್ರನನ್ನು ನಾಯಕನನ್ನಾಗಿ ಮಾಡಿಕೊಂಡು ವಿದ್ಯಾನಾಥನು ಬಹು ಹಿಂದೆಯೇ ಇಂಥದೊಂದು ಗ್ರಂಥವನ್ನು ಬರೆದಿದ್ದನು. ಲಕ್ಷಣವೆಂಬ ಅಚ್ಚು ಹಳೆಯದು; ಅದರಲ್ಲಿ ಎರೆದ ಹೆಸರೂ ಪದ್ಯವೂ ಹೊಸವು.

ಕಾವ್ಯಶಾಸ್ತ್ರದ ಈ ಯುಕ್ತಿ ಲೆಕ್ಕದ ಉಪಾಧ್ಯಾಯರಿಗೂ ಒದಗತಕ್ಕದ್ದು. ನಲವತ್ತು ಮಕ್ಕಳಿಗೆ ಒಂದೇ ಲೆಕ್ಕವನ್ನು ಕೊಟ್ಟರೆ ಮುಂದಿನ ಬೆಂಚಿನ ಉತ್ತರ ಗಳಿಗೆಯೊಳಗೆ ಹಿಂದಿನ ಬೆಂಚನ್ನು ಮುಟ್ಟುತ್ತದೆ. ಒಬ್ಬೊಬ್ಬರಿಗೆ ಒಂದೊಂದು ಅಂಕಿಯನ್ನು ಕೊಟ್ಟರೆ ಪಕ್ಕದವನ ಉತ್ತರದಿಂದ ಪ್ರಯೋಜನವಿಲ್ಲ. ಲೆಕ್ಕ ಮಾಡುವ ಬಗೆಯನ್ನೇ ತಿಳಿಯಬೇಕಾಗುತ್ತದೆ.

ಅಂಕಿಗೆ ತೆರಪು ಬಿಟ್ಟು, ಆ ತೆರಪಿಗೊಂದು ಹೆಸರಿಡುವ ಪದ್ಧತಿ ನಮ್ಮಲ್ಲಿ ಪುರಾತನವಾದುದು. ತ್ರೈರಾಶಿಯ ಪ್ರಮಾಣ, ಫಲ, ಇಚ್ಛೆ ಎಂಬ ಮೂರು ಹೆಸರುಗಳು ಅಂಥವೇ. ಫಲವನ್ನು ಇಚ್ಛೆಯಿಂದ ಗುಣಿಸಿ ಪ್ರಮಾಣದಿಂದ ಭಾಗಿಸಬೇಕೆಂಬ ಸೂತ್ರ 499ರ ಸುಮಾರಿನ ‘ಆರ್ಯಭಟೀಯ’ದಲ್ಲಿದೆ. ಅಮೋಘವರ್ಷ ನೃಪತುಂಗನ ಕಾಲದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ದಲ್ಲಿ ಅದನ್ನು ಬಗೆಬಗೆಯ ಲೆಕ್ಕಗಳಿಂದ ವಿವರಿಸಿದನು. 12ನೆಯ ಶತಮಾನದಲ್ಲಿ ರಾಜಾದಿತ್ಯನು ‘ವ್ಯವಹಾರಗಣಿತ’ವನ್ನು ಕನ್ನಡದಲ್ಲಿಯೇ ಬರೆದನು.

ನಂಜನಗೂಡಿನ ರಸಬಾಳೆಯನ್ನೇ ತೆಗೆದುಕೊಳ್ಳೋಣ. 12 ಹಣ್ಣಿಗೆ 60 ರೂಪಾಯಿಯಾದರೆ 20 ಹಣ್ಣಿಗೆಷ್ಟು? ಉತ್ತರ 100. ಈಗ ಒಂದು ಅಂಕಿಯನ್ನು ಮನಬಂದಂತೆ ಬದಲಾಯಿಸಿ, 7 ಹಣ್ಣಿಗೆ 60 ರೂಪಾಯಿ ಎಂದರೆ, 20 ಹಣ್ಣಿನ ಬೆಲೆ ಪೈಸೆಯಲ್ಲಿಯೂ ಸರಿಯಾಗಿ ಮುಗಿಯದು. ಆದುದರಿಂದ ಜಾಣ ಉಪಾಧ್ಯಾಯರು ಹಿಂದಿನಿಂದ ಹೊರಡುತ್ತಾರೆ. ಮೊದಲು ಒಂದು ಹಣ್ಣಿನ ಬೆಲೆಯನ್ನು ನಿಶ್ಚಯಿಸಿ, ಅದನ್ನು ಪ್ರಮಾಣದಿಂದ ಗುಣಿಸಿ ಫಲವನ್ನು ಪಡೆಯುತ್ತಾರೆ. ಬೆಲೆ 4ರಿಂದ 8, ಪ್ರಮಾಣ 6ರಿಂದ 15, ಇಚ್ಛೆ 16ರಿಂದ 35 ಎಂದು ಗೊತ್ತುಮಾಡಿದರೆ ಒಂದೇ ವಾಕ್ಯದಿಂದ 1000 ಲೆಕ್ಕಗಳು ಹುಟ್ಟುತ್ತವೆ. ಒಂದರಲ್ಲಿಯೂ ಭಿನ್ನರಾಶಿ ಬಾರದು.

ಆದರೂ ಅವೆಲ್ಲವೂ ಸಮಾನವಲ್ಲ. 12 ಹಣ್ಣಿನ ಬೆಲೆಯನ್ನು ಹೇಳಿ 24 ಹಣ್ಣಿಗೆ ಕೇಳಿದರೆ ಎರಡರಿಂದ ಗುಣಿಸಿದರಾಯಿತು. ಪಕ್ಕದ ಹುಡುಗನಿಗೆ 23 ಬಂದರೆ ಅವನು ಸೂತ್ರವನ್ನೆಲ್ಲ ನಡೆಸಬೇಕು. ಇಬ್ಬರಿಗೂ ಅಂಕ ಒಂದೇ. ಶ್ರಮ ಮಾತ್ರ ಬೇರೆ. ಇಚ್ಛೆಯು ಪ್ರಮಾಣದ ಅಪವರ್ತ್ಯವಾಗಿರುವ ಲೆಕ್ಕಗಳನ್ನು ಕೈಬಿಡುವುದು ನ್ಯಾಯ.

ಈ ದುಡಿಮೆಯನ್ನು ಇಂದು ಗಣಕಯಂತ್ರ ಮಾಡುತ್ತದೆ. ‘ಮೂಡಲ್’ ಎಂಬ ತಂತ್ರಾಂಶದಲ್ಲಿ ಪ್ರಶ್ನೆಯ ನಡುವೆ ಪುಷ್ಪಾವರಣದೊಳಗೆ ತೆರಪಿನ ಹೆಸರನ್ನು ಬರೆದು, ಅದರ ಕನಿಷ್ಠ ಗರಿಷ್ಠ ಮಿತಿಗಳನ್ನೂ ಉತ್ತರದ ಸೂತ್ರವನ್ನೂ ಕೊಟ್ಟರೆ ಸಾಕು. ಅಂಕಿಗಳನ್ನು ತುಂಬುವುದೂ ಉತ್ತರವನ್ನು ತಾಳೆನೋಡುವುದೂ ಯಂತ್ರದ ಪಾಲು. ಮಿತಿಯನ್ನು ವಿವೇಕದಿಂದ ಗೊತ್ತುಮಾಡುವುದು ಮಾತ್ರ ಉಪಾಧ್ಯಾಯರ ಪಾಲು.

ಇನ್ನೊಂದು ಅಪಾಯವುಂಟು. ಅಂಕಿ ಬದಲಾಗಿ ಅಚ್ಚು ಬದಲಾಗದಿದ್ದರೆ ಮಗು ಅಚ್ಚನ್ನೇ ಬಾಯಿಪಾಠ ಮಾಡಿಬಿಡುತ್ತದೆ. 6 ಆಳುಗಳು 10 ದಿನದಲ್ಲಿ ಮಾಡುವ ಕೆಲಸವನ್ನು 4 ಆಳುಗಳು ಎಷ್ಟು ದಿನದಲ್ಲಿ ಮಾಡುವರೆಂದು ಕೇಳಿದರೆ, ಬಾಳೆಹಣ್ಣಿನ ಲೆಕ್ಕದಲ್ಲಿ ಪಳಗಿದವನು ಆರು ದಿನ ಹದಿನಾರು ಗಂಟೆಯೆಂದು ಉತ್ತರಿಸುವನು. ಆಳು ಕಡಮೆಯಾದರೆ ದಿನ ಹೆಚ್ಚಬೇಕಲ್ಲವೆ? ಸರಿಯಾದ ಉತ್ತರ 15 ದಿನ. ಇದು ವ್ಯಸ್ತ ತ್ರೈರಾಶಿ. ನೇರ ತ್ರೈರಾಶಿಯ ಲೆಕ್ಕಗಳ ನಡುವೆ ಇಂಥದೊಂದನ್ನು ಬೆರೆಸಿದಾಗಲೇ ಯಾವ ಮಗುವಿಗೆ ವಿಷಯ ತಿಳಿದಿದೆ, ಯಾವ ಮಗುವಿಗೆ ಸೂತ್ರ ಮಾತ್ರ ನೆನಪಿದೆ ಎಂಬುದು ಉಪಾಧ್ಯಾಯರಿಗೆ ಗೊತ್ತಾಗುತ್ತದೆ.